ಗೊರಕೆಯವರ ಸಹಕಾರ ಸಂಘ

ಬೇಸಿಗೆ ಬಂತೆಂದರೆ ಗದಗ ಸೀಮೆಯ ಅಂತೂರ ಬೆಂತೂರದಂಥ ಊರುಗಳಲ್ಲಿ ಮನೆಯೊಳಗೆ ಮಲಗುವವರು ಕಡಿಮೆ. ಉಂಡು ಕೈತೊಳೆದವರು ಒಬ್ಬೊಬ್ಬರಾಗಿ ಚಾಪೆ, ಕೌದಿ, ಒಂದು ತಂಬಿಗೆ ನೀರು ಹಿಡಿದುಕೊಂಡು ಮಾಳಿಗೆ ಏರುತ್ತಾರೆ. ಮಳೆಯ ಮಾತು, ಮೆಣಸಿನಕಾಯಿ ದರದ ಮಾತು ಮಾಳಿಗೆಯಿಂದ ಮಾಳಿಗೆಗೆ ದಾಟಿ, ಹತ್ತು ಗಂಟೆಯ ಸುಮಾರಿಗೆ ತಣ್ಣಗಾಗುತ್ತದೆ. ಆಮೇಲೆ ಗೊರಕೆಯ ಪಾಳಿ. ಒಂದು ಮಾಳಿಗೆಯದು ಹೇರು ತುಂಬಿದ ಟ್ರ್ಯಾಕ್ಟರ್ ಏರು ಹತ್ತಿದಂತೆ, ಇನ್ನೊಂದರದು ಗರಗಸ ಎಳೆದಂತೆ. ಯಾವುದು ಯಾರದು ಎಂಬುದು ಓಣಿಗೆಲ್ಲ ಗೊತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಆ ಮನುಷ್ಯ ಕಂಡರೆ, 'ಏನ್ ಕಾಕಾ, ರಾತ್ರಿ ಭಾರಿ ಹೊಲ ಹೊಡದ್ರಿ ಕಾಣಸ್ತೈತಿ' ಎಂಬ ನಗೆ. ಕಾಕಾನೂ ನಗುತ್ತಾನೆ. ಗೊರಕೆ ಹೊಡೆದು ಮಲಗುವವನು ಸುಖಜೀವಿ ಎಂದು ನಂಬಿದ ಸೀಮೆ ಇದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಬೇರೆ ಬೆನ್ನಿಗಿದೆ.

ನಗದೆ ಇರುವವಳು ಒಬ್ಬಳೇ, ಕಾಕಾನ ಹೆಂಡತಿ.

ಇಂಥ ಮನೆಗಳ ಹೆಣ್ಣುಮಕ್ಕಳನ್ನು ಕೇಳಿದರೆ ಬರುವ ಮಾತು ಸಾಮಾನ್ಯವಾಗಿ ಒಂದೇ: 'ಗೊರಕಿ ಹೊಡೀವಾಗ ನನಗ ನಿದ್ದಿ ಹತ್ತತೈತ್ರಿ, ಅದು ನಿಂತ್ರನ ಎಚ್ಚರಾಗತೈತಿ.' ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಎದೆ, ಹೊಟ್ಟೆ ಹೊಯ್ದಾಡುತ್ತಿರುತ್ತವೆ, ಆದರೆ ಮೂಗಿನ ಮುಂದೆ ಬೆರಳು ಹಿಡಿದರೆ ಗಾಳಿ ಇಲ್ಲ. ಹತ್ತು ಎಣಿಸಬಹುದು, ಇಪ್ಪತ್ತು ಎಣಿಸಬಹುದು, ಕೆಲವೊಮ್ಮೆ ಮೂವತ್ತು ದಾಟಬಹುದು. ಅವಳು ಭುಜ ಹಿಡಿದು ಅಲುಗಾಡಿಸುವಷ್ಟರಲ್ಲಿ ನೀರಿನಿಂದ ಮೇಲೆದ್ದವನಂತೆ ಗಕ್ಕನೆ ಉಸಿರೆಳೆದು ಅವನು ಮಗ್ಗುಲು ಬದಲಿಸುತ್ತಾನೆ. ಬೆಳಿಗ್ಗೆ ಅವನಿಗೆ ಯಾವುದೂ ನೆನಪಿರುವುದಿಲ್ಲ. ನೆನಪಿರುವುದು ತಲೆನೋವು, ಒಣಗಿದ ಬಾಯಿ, ರಾತ್ರಿ ಮೂರು ಸಲ ಮೂತ್ರಕ್ಕೆ ಎದ್ದದ್ದು. 'ನಿದ್ದಿ ಚಲೋ ಆಗೇತಿ, ಆದ್ರ ದಣಿವು ಹೋಗಿಲ್ಲ' ಎನ್ನುತ್ತ ಚಹಾ ಕುಡಿಯುತ್ತಾನೆ. ಮಧ್ಯಾಹ್ನ ಪಂಚಾಯ್ತಿ ಸಭೆಯಲ್ಲಿ ತೂಕಡಿಸುತ್ತಾನೆ.

ಇದರ ಹೆಸರು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತರೆ ವೈದ್ಯರು ಅದನ್ನು ಒಂದು ಎಂದು ಲೆಕ್ಕ ಹಿಡಿಯುತ್ತಾರೆ. ಪೂರ್ತಿ ನಿಲ್ಲದೆ ಅರೆಬರೆಯಾದದ್ದನ್ನೂ ಅದರ ಜೊತೆ ಕೂಡಿಸುತ್ತಾರೆ. ಗಂಟೆಗೆ ಐದರಿಂದ ಹದಿನೈದು ಸಲವಾದರೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದರಾಚೆ ತೀವ್ರ. ಗಂಟೆಗೆ ಮೂವತ್ತು ಎಂದರೆ ಎರಡು ನಿಮಿಷಕ್ಕೊಮ್ಮೆ ಕೊರಳು ಹಿಸುಕಿ ಬಿಟ್ಟ ಹಾಗೆ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಗಳಿಗೆ ಎಚ್ಚರಿಸುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಎರಡು ಮೂರು ಗುಳಿಗೆ ನುಂಗಿದರೂ ಬಿ.ಪಿ. ಹತೋಟಿಗೆ ಬಾರದವರಲ್ಲಿ ಎಷ್ಟೋ ಮಂದಿಯ ಮೂಲ ಕಾರಣ ಈ ರಾತ್ರಿಯ ಕುಸ್ತಿಯೇ.

ಕೊರಳಲ್ಲಿ ಆಗುವುದೇನೆಂದು ಪಟ್ಟಣದವರಿಗೆ ತಿಳಿಸುವುದು ಕಷ್ಟ, ಪಂಪ್‌ಸೆಟ್ ಇಟ್ಟವನಿಗೆ ಸುಲಭ. ಬಾವಿಗೆ ಇಳಿಬಿಟ್ಟ ಸಕ್ಷನ್ ಪೈಪು ಗಟ್ಟಿಯದೇ ಇರಬೇಕು. ಅಲ್ಲಿ ಮೆತ್ತನೆಯ ಪೈಪು ಹಾಕಿ ಮೋಟರು ಚಾಲೂ ಮಾಡಿದರೆ ಎಳೆತಕ್ಕೆ ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಮೋಟರು ಎಷ್ಟು ಕೂಗಿದರೂ ನೀರು ಬರುವುದಿಲ್ಲ. ಡೆಲಿವರಿ ಕಡೆ ಮಾತ್ರ ಸುರುಳಿ ಸುತ್ತಿಡುವ ಚಪ್ಪಟೆ ಪೈಪು ನಡೆಯುತ್ತದೆ, ಏಕೆಂದರೆ ಒಳಗಿನ ಒತ್ತಡವೇ ಅದನ್ನು ಉಬ್ಬಿಸಿ ನಿಲ್ಲಿಸುತ್ತದೆ. ಮನುಷ್ಯನ ಗಂಟಲು ಮೆತ್ತನೆಯ ಪೈಪು. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ಬಿಗಿಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗಿ, ನಾಲಗೆ ಹಿಂದಕ್ಕೆ ಜಾರಿ, ಉಸಿರಿನ ಎಳೆತಕ್ಕೇ ದಾರಿ ಮುಚ್ಚಿಹೋಗುತ್ತದೆ. ಕುತ್ತಿಗೆಯ ಕೊಬ್ಬು, ಚಿಕ್ಕ ದವಡೆ, ಅಂಗಾತ ಮಲಗುವುದು, ಮಲಗುವ ಮೊದಲಿನ ಎರಡು ಪೆಗ್ಗು ಎಲ್ಲವೂ ಇದಕ್ಕೆ ಕೈಜೋಡಿಸುತ್ತವೆ.

ಕುಂಭಕರ್ಣನ ಕಥೆ ನೆನಪಿದ್ದರೆ ಅಲ್ಲೂ ದೋಷ ನಾಲಗೆಯದೇ. ಇಂದ್ರಾಸನ ಬೇಡಲು ಹೋದವನ ನಾಲಗೆಯ ಮೇಲೆ ಸರಸ್ವತಿ ಕೂತು 'ನಿದ್ರಾಸನ' ಎನ್ನಿಸಿದಳಂತೆ.

ಹಾಗಾದರೆ ಸಕ್ಷನ್ ಪೈಪನ್ನು ಡೆಲಿವರಿ ಪೈಪು ಮಾಡಿದರೆ? 1980ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರಿಗೆ ಹೊಳೆದದ್ದು ಇದೇ. ಅದುವರೆಗೆ ತೀವ್ರ ಆಪ್ನಿಯಾಕ್ಕೆ ಇದ್ದ ಖಚಿತ ಉಪಾಯ ಒಂದೇ, ಕುತ್ತಿಗೆಯಲ್ಲಿ ತೂತು ಕೊರೆದು ನಳಿಕೆ ಇಡುವುದು. ಅದಕ್ಕೆ ಒಪ್ಪದ ರೋಗಿಯೊಬ್ಬರು ಸಲಿವನ್‌ರ ಪ್ರಯೋಗಕ್ಕೆ ತಯಾರಾದರು. ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ಊದುವ ಹಾಗೆ ತಿರುಗಿಸಿ, ಮೂಗಿಗೆ ಒಂದು ಮುಚ್ಚಳ ಅಂಟಿಸಿ, ರಾತ್ರಿಯಿಡೀ ಮೆಲ್ಲಗೆ ಗಾಳಿ ಒತ್ತಿದರು. ಗೊರಕೆ ನಿಂತಿತು, ಉಸಿರು ನಡೆಯಿತು, ಆ ಮನುಷ್ಯ ಗಾಢ ನಿದ್ದೆಗೆ ಇಳಿದ. ಐದು ಮಂದಿಯ ಮೇಲಿನ ಈ ಪ್ರಯೋಗ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರದ ಅಜ್ಜ ಅದು. ಆ ಅಜ್ಜ ಗದ್ದಲ ಮಾಡುತ್ತಿದ್ದ. ಮೊಮ್ಮಗ ಊಟದ ಡಬ್ಬಿಯಷ್ಟಿದ್ದಾನೆ, ತಲೆದಿಂಬಿನ ಪಕ್ಕ ಇಟ್ಟರೂ ಸದ್ದು ಕೇಳಿಸುವುದು ಕಷ್ಟ.

ಆ ಗಾಳಿಯ ಒತ್ತಡ ಎಷ್ಟು? ತುಂಬಿದ ತಂಬಿಗೆಯಲ್ಲಿ ಎಳನೀರು ಕುಡಿಯುವ ನಳಿಕೆಯನ್ನು ಹತ್ತು ಸೆಂಟಿಮೀಟರ್ ಮುಳುಗಿಸಿ, ಗುಳ್ಳೆ ಏಳುವ ಹಾಗೆ ಊದಿದರೆ ಎಷ್ಟು ಬಲ ಬೇಕೋ ಅಷ್ಟು. ಯಂತ್ರಗಳು ಸಾಮಾನ್ಯವಾಗಿ ನಾಲ್ಕರಿಂದ ಇಪ್ಪತ್ತು ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ಕೆಲಸ ಮಾಡುತ್ತವೆ. ಮುಂಡರಗಿ, ಶಿರಹಟ್ಟಿಯ ಕಡೆ ಕಪ್ಪತಗುಡ್ಡದ ಸುತ್ತಮುತ್ತ ಹಗಲೂ ರಾತ್ರಿ ರೆಕ್ಕೆ ತಿರುಗಿಸುವ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ಜಿಲ್ಲೆಯಲ್ಲಿ, ಒಬ್ಬ ಮನುಷ್ಯನಿಗೆ ಬೇಕಾದ ಗಾಳಿ ಒಂದು ತಂಬಿಗೆಯ ಅಳತೆಯದು.

ಆಪ್ನಿಯಾ ಶ್ರೀಮಂತರ ರೋಗ, ಬೆಂಗಳೂರಿನವರ ರೋಗ ಎಂಬ ಮಾತಿದೆ. ಆದರೆ ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಭಾರತದ ವಯಸ್ಕರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಇದು ಇದೆ. ದುಡಿಯುವ ವಯಸ್ಸಿನವರಲ್ಲೇ ಸುಮಾರು ಹತ್ತು ಕೋಟಿ. ಭಾರತೀಯರ ದವಡೆ, ಕುತ್ತಿಗೆಯ ಕಟ್ಟು ಎಂಥದೆಂದರೆ ತೀರ ದಪ್ಪಗಿರಬೇಕೆಂದೂ ಇಲ್ಲ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ಮೇಲೆ ಇದು ಹೆಚ್ಚುತ್ತದೆ. ಅವರ ಗೊರಕೆಯನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅವರೂ ಒಪ್ಪುವುದಿಲ್ಲ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ ಸ್ಲೀಪ್ ಆಪ್ನಿಯಾ. ಅವರು ಸಂಗೀತ ಕೊಟ್ಟ, ದ್ವಾರಕೀಶರ 'ಆಫ್ರಿಕಾದಲ್ಲಿ ಶೀಲಾ' ಚಿತ್ರದ ಹಾಡುಗಳನ್ನು ಗುನುಗಿದ ಕನ್ನಡಿಗರಲ್ಲಿ ಅನೇಕರು ಈ ರೋಗದ ಹೆಸರು ಮೊದಲು ಕೇಳಿದ್ದು ಅಂದೇ.

ಗುರುತು ಹಿಡಿಯಲು ಮೊದಲ ಹೆಜ್ಜೆಗೆ ದುಡ್ಡು ಬೇಡ. ಕೆನಡಾದ ಟೊರಾಂಟೊದ ವೈದ್ಯೆ ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲಿ ರೂಪಿಸಿದ ಎಂಟು ಪ್ರಶ್ನೆಗಳ ಪಟ್ಟಿ ಈಗ ಜಗತ್ತಿನೆಲ್ಲೆಡೆ ನಡೆಯುತ್ತದೆ. ಜೋರು ಗೊರಕೆ ಇದೆಯೇ, ಹಗಲು ದಣಿವೇ, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ, ಬಿ.ಪಿ. ಇದೆಯೇ, ತೂಕ ಮಿತಿಮೀರಿದೆಯೇ, ಐವತ್ತು ದಾಟಿದೆಯೇ, ಕೊರಳ ಸುತ್ತಳತೆ ನಲವತ್ತು ಸೆಂಟಿಮೀಟರ್ ಮೀರಿದೆಯೇ, ಗಂಡಸೇ. ಮೂರಕ್ಕೆ ಹೌದು ಎಂದರೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಕೊರಳಳತೆಗೆ ಡಾಕ್ಟರೇ ಬೇಕೆಂದಿಲ್ಲ, ಅಂಗಿ ಹೊಲಿಯುವವನ ಟೇಪು ಸಾಕು. ಮೂರನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಮಾತ್ರ ಆಸ್ಪತ್ರೆಗೆ ಜೊತೆಯಲ್ಲಿ ಬರಬೇಕು. ಗಂಡಸರು ಒಬ್ಬರೇ ಹೋಗಿ 'ಏನೂ ಇಲ್ರೀ ಸಾಹೇಬ್ರ, ಸ್ವಲ್ಪ ಸುಸ್ತು' ಎಂದು ಶಕ್ತಿಯ ಗುಳಿಗೆ ಬರೆಸಿಕೊಂಡು ಬರುವುದು ರೂಢಿ.

ಮುಂದಿನ ಪರೀಕ್ಷೆಗೆ ಗದಗ ಸೀಮೆಯವರು ಹುಬ್ಬಳ್ಳಿ, ಧಾರವಾಡದ ದಾರಿ ಹಿಡಿಯುವುದು ಹೆಚ್ಚು. ತಲೆ, ಎದೆ, ಬೆರಳು, ಕಾಲು ಎಲ್ಲಕ್ಕೂ ವೈರು ಅಂಟಿಸಿಕೊಂಡು ಒಂದು ರಾತ್ರಿ ಮಲಗಬೇಕು. 'ಇಷ್ಟು ವೈರ್ ಹಚ್ಚಿದ್ರ ನಿದ್ದಿ ಹೆಂಗ ಬರ್ತೈತ್ರಿ?' ಎಂದು ಕೇಳದವರಿಲ್ಲ. ಆದರೂ ಬರುತ್ತದೆ, ಅಷ್ಟು ನಿದ್ದೆಯ ಬಾಕಿ ಇರುತ್ತದೆ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಉಪಕರಣವೂ ಈಗ ಇದೆ. ವರದಿ ಬಂದು, 'ಸಿಪ್ಯಾಪ್ ಹಚ್ಚಿಕೊಳ್ರಿ' ಎಂದು ವೈದ್ಯರು ಹೇಳಿ, ಮೂವತ್ತು ನಲವತ್ತು ಸಾವಿರವೋ ಇನ್ನೂ ಹೆಚ್ಚೋ ಎಣಿಸಿ, ಡಬ್ಬಿ ಮನೆಗೆ ಬರುತ್ತದೆ. ಮಾರಿದ ಅಂಗಡಿಯ ಹುಡುಗ ಹತ್ತು ನಿಮಿಷ ತೋರಿಸಿ ಬಸ್ಸು ಹಿಡಿಯುತ್ತಾನೆ.

ನಿಜವಾದ ಕಥೆ ಶುರುವಾಗುವುದು ಆ ಬಸ್ಸು ಹೋದ ಮೇಲೆ.

ಮೊದಲ ರಾತ್ರಿ ಮನೆಯವರೆಲ್ಲ ಸುತ್ತ ಕೂತಿರುತ್ತಾರೆ. ಮುಖಕ್ಕೆ ಮಾಸ್ಕು, ಮೂಗಿನಿಂದ ಇಳಿದ ಸೊಂಡಿಲಿನಂಥ ಪೈಪು. ಮೊಮ್ಮಗ 'ಅಜ್ಜ ಗಣಪತಿ ಆಗ್ಯಾನ' ಎಂದು ಕುಣಿಯುತ್ತಾನೆ. ಅಜ್ಜಿಗೆ ಕೋವಿಡ್ ವಾರ್ಡಿನ ನೆನಪಾಗಿ ಕಣ್ಣು ತುಂಬುತ್ತದೆ. ಸಿಪ್ಯಾಪ್, ಬೈಪ್ಯಾಪ್ ಎಂಬ ಹೆಸರುಗಳು ಈ ಊರುಗಳಿಗೆ ಬಂದದ್ದೇ ಆ ಕಾಲದ ಸಾವುಗಳ ಜೊತೆಗೆ. ಆಗ ಕೊನೆಯ ಉಸಿರಿಗೆ ಹಚ್ಚಿದ ಯಂತ್ರ, ಈಗ ದಿನಾ ಮಲಗುವಾಗ ಹಚ್ಚುವ ಯಂತ್ರ. ಎರಡೂ ಒಂದೇ ಜಾತಿಯವಾದರೂ ಒಂದೇ ಅರ್ಥದವಲ್ಲ ಎಂದು ಆ ಅಜ್ಜಿಗೆ ಯಾರಾದರೂ ಕೂತು ಹೇಳಬೇಕು.

ಆಮೇಲೆ ಮೀಸೆ. ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಗಂಡಸಿನ ಮುಖದ ಮೇಲೆ ಮೀಸೆಗಿರುವ ಮರ್ಯಾದೆ ಸಣ್ಣದಲ್ಲ. ದಪ್ಪ ಮೀಸೆಯಿದ್ದರೆ ಮಾಸ್ಕಿನ ಅಂಚು ಚರ್ಮಕ್ಕೆ ಕೂರದೆ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆ. ಸೋರುತ್ತದೆಂದು ಪಟ್ಟಿ ಬಿಗಿದರೆ ಬೆಳಿಗ್ಗೆ ಮೂಗಿನ ಮೇಲೆ ಗಾಯ. 'ಮೀಸಿ ತೆಗೀಬೇಕಂದ್ರ ಈ ಡಬ್ಬಿನ ಬ್ಯಾಡ' ಎಂದು ಹಟ ಹಿಡಿದವರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕೂ ಇದೆ, ಮೂಗು ಮುಚ್ಚುವುದೂ ಇದೆ, ಮೂಗು ಬಾಯಿ ಎರಡೂ ಮುಚ್ಚುವುದೂ ಇದೆ. ಚಪ್ಪಲಿ ಕೊಳ್ಳುವಾಗ ನಾಲ್ಕು ಜೋಡಿ ಹಾಕಿ ನಡೆದು ನೋಡುವವರು, ವರ್ಷಗಟ್ಟಲೆ ಮುಖದ ಮೇಲಿರಬೇಕಾದ ಮಾಸ್ಕನ್ನು ಕೊಟ್ಟದ್ದನ್ನೇ ತರುತ್ತಾರೆ. ಕೂತು ನೋಡಿದರೂ ಸಾಲದು. ಮಲಗಿ, ಗಾಳಿ ಬಿಟ್ಟು, ಮಗ್ಗುಲು ಹೊರಳಿ ನೋಡಬೇಕು.

ನೀರಿನದು ಇನ್ನೊಂದು ಪಾಠ. ಗಾಳಿ ಒಣಗಿ ಮೂಗು ಉರಿಯದಿರಲೆಂದು ಯಂತ್ರದೊಳಗೆ ಪುಟ್ಟ ನೀರಿನ ತೊಟ್ಟಿ ಇರುತ್ತದೆ. ಅದಕ್ಕೆ ಬೋರಿನ ಸವಳು ನೀರು ಹಾಕಿದರೆ ವಾರದಲ್ಲೇ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಫ್ಲೋರೈಡಿನ ನೀರಿಗೆ ಹಲ್ಲು ಮೂಳೆ ಕೊಟ್ಟ ಮುಂಡರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಕಾದದ್ದು ಡಿಸ್ಟಿಲ್ಡ್ ನೀರು. ಅದು ಸಿಗದ ದಿನ ಕುದಿಸಿ ಆರಿಸಿದ ನೀರು, ಅದೂ ದಿನಾ ಚೆಲ್ಲಿ ಹೊಸದು. ಯಂತ್ರವನ್ನು ತಲೆಗಿಂತ ಕೆಳಗಿಡಬೇಕು, ಇಲ್ಲದಿದ್ದರೆ ಪೈಪಿನಲ್ಲಿ ಕೂಡಿದ ನೀರು ನಡುರಾತ್ರಿ ಮೂಗಿಗೇ ಬಂದು ಇಳಿಯುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವವನು ಕೆಳಗೆಲ್ಲಿಡಬೇಕು? ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ, ಅದನ್ನು ಬರೆದವರು ಮಂಚ ಬಿಟ್ಟು ಮಲಗಿದವರಲ್ಲ. ಗೊತ್ತಿದ್ದವರು ತಲೆದಿಂಬನ್ನೇ ಎತ್ತರಿಸಿಕೊಳ್ಳುತ್ತಾರೆ, ಇಲ್ಲವೇ ಒಂದು ಹಲಗೆಮಂಚ ತರುತ್ತಾರೆ.

ಎರೆಭೂಮಿಯ ಧೂಳಿಗೆ ಯಂತ್ರದ ಜರಡಿ ಬೇಗ ಕರ್ರಗಾಗುತ್ತದೆ. ಮೆಣಸಿನಕಾಯಿ ಒಣಹಾಕಿದ ಕಾಲದಲ್ಲಿ ಯಂತ್ರವೂ ಆ ಗಾಳಿಯನ್ನೇ ಎಳೆದು ಊದುವುದರಿಂದ ಹಾಕಿಕೊಂಡವರು ಸೀನಿ ಸೀನಿ ಎದ್ದು ಕೂರುತ್ತಾರೆ. ಮಾಸ್ಕಿನ ಮೆತ್ತೆಯನ್ನು ದಿನಾ ಸೌಮ್ಯ ಸೋಪಿನಲ್ಲಿ, ಪೈಪನ್ನು ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಆರಿಸಬೇಕು. ಇನ್ನು ಹೆಸ್ಕಾಂ ಕರೆಂಟು. ಅದು ಹೋದಾಗ ಗಾಳಿ ನಿಲ್ಲುತ್ತದೆ. ಜೀವಕ್ಕೇನೂ ಆಗುವುದಿಲ್ಲ, ಮಾಸ್ಕಿನಲ್ಲಿ ಉಸಿರು ಬಿಡುವ ಸಣ್ಣ ತೂತುಗಳಿರುತ್ತವೆ, ಹೊರಗಿನ ಗಾಳಿ ಬರುವ ಏರ್ಪಾಡೂ ಇರುತ್ತದೆ. ಗಾಬರಿಯಾಗಿ ಕಿತ್ತು ಬಿಸಾಡಿದವರು ಮಾತ್ರ ಮತ್ತೆ ಹಚ್ಚಿಕೊಳ್ಳುವುದು ಅಪರೂಪ. ನೀರು ಬಿಸಿ ಮಾಡುವ ಭಾಗ ಬಂದ್ ಮಾಡಿದರೆ ಈ ಯಂತ್ರಕ್ಕೆ ತಲೆಯ ಮೇಲಿನ ಫ್ಯಾನಿನಷ್ಟೂ ಕರೆಂಟು ಬೇಡ, ಮನೆಯ ಇನ್ವರ್ಟರು ಸಾಕಾಗುತ್ತದೆ ಎಂಬ ಒಂದು ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ಎಷ್ಟೋ ಯಂತ್ರಗಳು ಟ್ರೆಜರಿ ಮೇಲೆ ಧೂಳು ತಿನ್ನುತ್ತಿರಲಿಲ್ಲ.

ಧೂಳು ತಿನ್ನುವುದು ಇಲ್ಲಿ ಮಾತ್ರವಲ್ಲ. 2016ರಲ್ಲಿ ಪ್ರಕಟವಾದ, ಭಾರತವೂ ಸೇರಿ ಏಳು ದೇಶಗಳ 2,717 ಮಂದಿಯ ದೊಡ್ಡ ಅಧ್ಯಯನವೊಂದರಲ್ಲಿ ಸಿಪ್ಯಾಪ್ ಪಡೆದವರು ರಾತ್ರಿಗೆ ಸರಾಸರಿ ಬಳಸಿದ್ದು 3.3 ಗಂಟೆ. ಮೊದಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ತೊಂದರೆ ಇದ್ದ ಆ ಜನರಲ್ಲಿ, ಅಷ್ಟು ಬಳಕೆಯಿಂದ ಹೃದಯಾಘಾತ, ಲಕ್ವಾ ಕಡಿಮೆಯಾಗಲಿಲ್ಲ. ಆದರೆ ತೂಕಡಿಕೆ ಇಳಿಯಿತು, ಮನಸ್ಸು ಹಗುರಾಯಿತು, ಕೆಲಸ ತಪ್ಪಿಸಿದ ದಿನಗಳು ಕಡಿಮೆಯಾದವು. ಅಮೆರಿಕದ ಸರ್ಕಾರಿ ವಿಮೆಯವರಂತೂ ಹತ್ತು ರಾತ್ರಿಯಲ್ಲಿ ಏಳು ರಾತ್ರಿ, ನಾಲ್ಕು ಗಂಟೆಯಾದರೂ ಬಳಸಿದವನಿಗೆ ಮಾತ್ರ ಯಂತ್ರದ ದುಡ್ಡು ಮುಂದುವರಿಸುತ್ತಾರೆ. ಅಷ್ಟು ಮುಂದುವರಿದ ದೇಶದಲ್ಲೂ ಡಬ್ಬಿ ಕೊಡುವುದು ಸುಲಭ, ಹಚ್ಚಿಸುವುದು ಕಷ್ಟ ಎಂಬುದಕ್ಕೆ ಆ ನಿಯಮವೇ ಸಾಕ್ಷಿ.

ಏನು ಮಾಡಿದರೆ ಹಚ್ಚಿಕೊಳ್ಳುತ್ತಾರೆ? ಇದನ್ನೂ ಅಳೆದು ನೋಡಿದ್ದಾರೆ. ತಿಳಿವಳಿಕೆ ಹೇಳಿದರೆ, ಫೋನು ಮಾಡಿ ವಿಚಾರಿಸುತ್ತಿದ್ದರೆ, ಅಂಜಿಕೆ ಬಿಡಿಸಿ ರೂಢಿ ಮಾಡಿಸಿದರೆ, ಬಳಕೆ ರಾತ್ರಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯ ಮೇಲಿನವರೆಗೂ ಏರುತ್ತದೆ. ಮೊದಲ ವಾರದ ರೂಢಿಯೇ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದೂ ಕಂಡ ಮಾತು. ಅಂದರೆ ಅಂಗಡಿಯ ಹುಡುಗನ ಹತ್ತು ನಿಮಿಷಕ್ಕೂ ಆರು ತಿಂಗಳ ನಂತರದ ಡಾಕ್ಟರ ಭೇಟಿಗೂ ನಡುವಿನ ಆ ಏಳು ರಾತ್ರಿಗಳಲ್ಲಿ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಪ್ರಶ್ನೆ.

ಗದಗ ಜಿಲ್ಲೆಗೆ ಈ ಪ್ರಶ್ನೆ ಹೊಸದಾಗಬಾರದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ನಾಡು ಇವತ್ತಿಗೂ ಸಹಕಾರ ಚಳವಳಿಯ ತವರು ಎಂದು ನೆನೆಯುತ್ತದೆ. ಅವರ ವಿಚಾರ ಸರಳವಾಗಿತ್ತು. ಒಬ್ಬೊಬ್ಬನೇ ಸಾಹುಕಾರನ ಬಾಗಿಲಿಗೆ ಹೋಗುವುದಕ್ಕಿಂತ ಊರವರೇ ಕೂಡಿ ಒಬ್ಬರಿಗೊಬ್ಬರು ಆಸರೆಯಾಗಬೇಕು. ಗೊರಕೆಯವರಿಗೆ ಬೇಕಾದದ್ದೂ ಅಂಥದೇ ಸಂಘ. ಷೇರು ಬೇಡ, ನೋಂದಣಿ ಬೇಡ. ಎರಡು ವರ್ಷದಿಂದ ಯಂತ್ರ ಹಚ್ಚಿಕೊಳ್ಳುತ್ತಿರುವ ಬೆಟಗೇರಿಯ ಒಬ್ಬ ನೇಕಾರ, ಮೊನ್ನೆ ಡಬ್ಬಿ ತಂದ ಅಂತೂರಿನ ಒಬ್ಬ ರೈತನಿಗೆ ರಾತ್ರಿ ಒಂಬತ್ತಕ್ಕೆ ಫೋನು ಮಾಡಿ, 'ಅಣ್ಣಾ, ಮೊದಲ ಹಗಲೊತ್ತು ಟಿ.ವಿ. ನೋಡ್ಕೋತ ಅರ್ಧ ತಾಸು ಹಚ್ಕೊಂಡು ಕುಂದ್ರು, ಆಮ್ಯಾಲ ಮಕ್ಕೊಳ್ಳೋವಂತಿ' ಎಂದರೆ ಸಾಕು. ಒತ್ತಡ ಒಮ್ಮೆಲೇ ಬಡಿಯದೆ ಮೆಲ್ಲಗೆ ಏರುವಂತೆ ಮಾಡುವ ಗುಂಡಿ ಎಲ್ಲಿದೆ, ಬಾಯಿ ತೆರೆದು ಮಲಗುವವನಿಗೆ ಯಾವ ಮಾಸ್ಕು, ಗಾಳಿ ನುಂಗಿ ಹೊಟ್ಟೆ ಉಬ್ಬಿದರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಹಚ್ಚಿಕೊಂಡು ತಿಳಿದವನ ಬಾಯಲ್ಲಿ ಬಂದರೆ ಬೇರೆ ತೂಕ. ಒತ್ತಡದ ಅಂಕಿ ಬದಲಿಸುವ ಕೆಲಸ ಮಾತ್ರ ವೈದ್ಯರದು. ಒಬ್ಬ ಬಿಟ್ಟ ಯಂತ್ರವನ್ನು ಇನ್ನೊಬ್ಬ ಹಾಗೇ ಹಚ್ಚಿಕೊಳ್ಳುವುದು ಬೇರೆಯವರ ಕನ್ನಡಕ ಹಾಕಿಕೊಂಡಂತೆ.

ಆ ಸಂಘದ ಅಧ್ಯಕ್ಷಗಿರಿ ಹೆಂಡಂದಿರಿಗೇ ಸಲ್ಲಬೇಕು. ರಾತ್ರಿ ಮಾಸ್ಕು ಜಾರಿದ್ದು ಕಾಣುವುದು ಅವರಿಗೆ, ಗೊರಕೆ ನಿಂತು ಎಷ್ಟೋ ವರ್ಷಗಳ ಮೇಲೆ ಪೂರ್ತಿ ನಿದ್ದೆ ಸಿಗುವುದೂ ಅವರಿಗೇ. ಮೊದಲ ನಾಲ್ಕು ದಿನ ಸದ್ದಿಲ್ಲದ್ದಕ್ಕೇ ಗಾಬರಿಯಾಗಿ ಎದ್ದು ಗಂಡನ ಎದೆಯ ಮೇಲೆ ಕೈಯಿಟ್ಟು ನೋಡಿದರೂ ಆಶ್ಚರ್ಯವಿಲ್ಲ.

ಯಂತ್ರವೊಂದೇ ದಾರಿಯಲ್ಲ ಎಂಬುದನ್ನೂ ಸಂಘದಲ್ಲಿ ಹೇಳಬೇಕು. ಸೌಮ್ಯವಾಗಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕುಡಿತ ಬಿಡುವುದು, ದವಡೆ ಮುಂದೆ ಹಿಡಿಯುವ ಹಲ್ಲಿನ ಪಟ್ಟಿ ಕೆಲವರಿಗೆ ಸಾಕಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 25 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜರಿಡೂ ಎಂಬ ಉದ್ದ ಕೊಳವೆ ವಾದ್ಯವನ್ನು ನಾಲ್ಕು ತಿಂಗಳು ಊದಿದವರ ತೂಕಡಿಕೆ, ಉಸಿರುಕಟ್ಟು ಎರಡೂ ಕಡಿಮೆಯಾದವು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಮೂಗಿನಿಂದ ಉಸಿರೆಳೆಯುವ ಆ ಚಮತ್ಕಾರ ಮದುವೆ ಮನೆಯಲ್ಲಿ ಸನಾದಿ ಊದುವವರನ್ನು ಕಂಡವರಿಗೆ ಹೊಸದಲ್ಲ. ಹಾಗೆಂದು ತೀವ್ರ ರೋಗವಿದ್ದವನು ಡಬ್ಬಿ ಬಿಟ್ಟು ಸನಾದಿ ಹಿಡಿದರೆ ನಡೆಯುವುದಿಲ್ಲ. ಹುಬ್ಬಳ್ಳಿ ರಸ್ತೆಯಲ್ಲಿ ರಾತ್ರಿ ಲಾರಿ ಓಡಿಸುವವನಂತೂ ಇದನ್ನು ತಮಾಷೆಗೆ ತೆಗೆದುಕೊಳ್ಳುವ ಹಾಗೇ ಇಲ್ಲ.

ಇವತ್ತು ರಾತ್ರಿ ಮಾಳಿಗೆಯ ಮೇಲೋ ಪಡಸಾಲೆಯಲ್ಲೋ ಪಕ್ಕದವರ ಗೊರಕೆ ಏರಿ ಥಟ್ಟನೆ ನಿಂತರೆ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ನೋಡಿ. ಹತ್ತು ದಾಟಿತೇ? ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿಕೊಂಡು, ಬೆಳಿಗ್ಗೆ ಅವರಿಗೂ ತೋರಿಸಿ, ಅವರ ಜೊತೆಯಲ್ಲೇ ಹೋಗಿ ಡಾಕ್ಟರಿಗೂ ತೋರಿಸಿ.